ಕೆನ್ನಾಯಿಯ ಧರ್ಮ

ಬಿಡುವಿನ ಅವಧಿಯೊಂದರಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಕಿಪ್ಲಿಂಗನ ಕೆನ್ನಾಯಿಗಳ ಕತೆ ಹೇಳಿದೆ. ಮೌಗ್ಲಿ ಅವರಿಗೆ ಗೊತ್ತು. ಆದರೆ 1895ರ ‘ದಿ ಸೆಕೆಂಡ್ ಜಂಗಲ್ ಬುಕ್’ನಲ್ಲಿ ಬರುವ ಈ ಕತೆಯನ್ನು ಅವರು ಕೇಳಿರಲಿಲ್ಲ. ದಖ್ಖನಿನಿಂದ ಇನ್ನೂರು ಕೆನ್ನಾಯಿಗಳ ಹಿಂಡು ಸಿವನಿಯ ಕಾಡಿಗೆ ಬರುತ್ತದೆ. ಒಂಟಿ ತೋಳವೊಂದರ ಹೆಂಡತಿ ಮಕ್ಕಳನ್ನು ಆಗಲೇ ಕೊಂದು ಮುಗಿಸಿದೆ. ಹೆಬ್ಬಾವು ಕೊಟ್ಟ ಉಪಾಯದಂತೆ ಮೌಗ್ಲಿ ಅವುಗಳನ್ನು ಕೆಣಕಿ, ಹೆಜ್ಜೇನುಗಳ ಬಂಡೆಯತ್ತ ಅಟ್ಟಿಸಿಕೊಂಡು ಬರುವಂತೆ ಮಾಡಿ, ತಾನು ವೈನ್‌ಗಂಗಾ ಹೊಳೆಗೆ ಹಾರುತ್ತಾನೆ. ಕೆಲವು ಜೇನಿಗೆ, ಕೆಲವು ಹೊಳೆಗೆ, ಉಳಿದವು ಕಾದು ನಿಂತ ತೋಳಗಳ ಬಾಯಿಗೆ. ಒಂದೂ ಊರಿಗೆ ಹಿಂದಿರುಗುವುದಿಲ್ಲ.

ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗಿ ಮಾತ್ರ ಎದ್ದು, “ಟೀಚರ್, ತೋಳಗಳೂ ಹಿಂಡು ಕಟ್ಟಿಕೊಂಡೇ ಜಿಂಕೆ ಕೊಲ್ಲುತ್ತವಲ್ಲ, ಅವು ಹೇಗೆ ಒಳ್ಳೆಯವಾದವು?” ಎಂದಳು. ತೋಳಗಳಿಗೆ ಕಾಡಿನ ಕಾನೂನು ಇದೆ, ನಾಯಿಗಳಿಗೆ ಇಲ್ಲ ಎಂದೆ. “ಇಲ್ಲ ಅಂತ ಯಾರು ಹೇಳಿದ್ದು?” “ತೋಳಗಳು” ಎಂದೆ. ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಸ್ವಲ್ಪ ಕಸಿವಿಸಿಯಾಯಿತು.

ಮನೆಗೆ ಬಂದು ಮತ್ತೆ ಪುಸ್ತಕ ತೆರೆದೆ. ಮೌಗ್ಲಿಗೆ ಕೆನ್ನಾಯಿಗಳನ್ನು ಕಂಡರಾಗದು. ಯಾಕೆಂದರೆ ಅವುಗಳ ಮೈವಾಸನೆ ತನ್ನವರದ್ದಲ್ಲ, ಅವು ಗುಹೆಯಲ್ಲಿ ವಾಸಿಸುವುದಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಅವುಗಳ ಕಾಲ್ಬೆರಳ ಸಂದಿಯಲ್ಲಿ ಕೂದಲಿದೆ! ಮನುಷ್ಯರು ಮನುಷ್ಯರನ್ನು ಅಂಗಳದಾಚೆ ನಿಲ್ಲಿಸಲು ಹುಡುಕಿಕೊಂಡ ಕಾರಣಗಳೂ ಇದಕ್ಕಿಂತ ಗಟ್ಟಿಯಾದವೇನಲ್ಲ.

ಈ ಪ್ರಾಣಿ ನಮ್ಮ ಬಂಡೀಪುರ, ನಾಗರಹೊಳೆಗಳದ್ದೇ. ಹದಿನೈದು ಕಿಲೋ ಆಸುಪಾಸು ತೂಗುವ ಜೀವ. ಹುಲಿಯಂತೆ ಕುತ್ತಿಗೆ ಹಿಡಿದು ಉಸಿರು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಬೇಟೆ ಇನ್ನೂ ನಿಂತಿರುವಾಗಲೇ ಹೊಟ್ಟೆ ಬಗಿಯುತ್ತದೆ. ಸೀಳುನಾಯಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಇದನ್ನು ನೋಡಿ ಅಸಹ್ಯಪಟ್ಟವರು ಬ್ರಿಟಿಷರ ಕಾಲದಿಂದಲೂ ಅದರ ತಲೆಗೆ ಬಹುಮಾನ ಕಟ್ಟಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರವೇ ಅದಕ್ಕೆ ರಕ್ಷಣೆ ಸಿಕ್ಕಿದ್ದು. ಆ ದಶಕದಲ್ಲೇ ಎ. ಜೆ. ಟಿ. ಜಾನ್‌ಸಿಂಗ್ ಬಂಡೀಪುರದ ಕೆನ್ನಾಯಿಗಳ ಬೆನ್ನು ಬಿದ್ದು ಅಧ್ಯಯನ ಮಾಡಿದರು. ಮುಂದೆ ನಮ್ಮ ಕೃಪಾಕರ-ಸೇನಾನಿ ವರ್ಷಗಟ್ಟಲೆ ಅವುಗಳ ಹಿಂದೆ ಅಲೆದರು. ಹೀಗೆ ತಾಳ್ಮೆಯಿಂದ ಕಂಡವರ ಪ್ರಕಾರ, ಬೇಟೆಯ ಬಳಿ ಮರಿಗಳು ಮೊದಲು ತಿನ್ನುತ್ತವೆ, ದೊಡ್ಡವು ಕಾಯುತ್ತವೆ. ಗೂಡಿನಲ್ಲಿ ಉಳಿದ ತಾಯಿಗೂ ಮರಿಗಳಿಗೂ ಹೆತ್ತವು ಮಾತ್ರವಲ್ಲ, ಹಿಂಡಿನ ಇತರ ನಾಯಿಗಳೂ ನುಂಗಿ ತಂದ ಮಾಂಸವನ್ನು ಕಕ್ಕಿ ಉಣಿಸುತ್ತವೆ. ಚದುರಿದಾಗ ಸಿಳ್ಳೆ ಹಾಕಿ ಕೂಡಿಕೊಳ್ಳುತ್ತವೆ. ಕಾನೂನು ಇತ್ತು, ಕತೆ ಹೇಳಿದವನಿಗೆ ಕಾಣಲಿಲ್ಲ.

ಹಾಗೆಂದು ಮರಿಗೆ ಮೊದಲು ಬಡಿಸುವ ಪ್ರಾಣಿ ಸಜ್ಜನ ಎಂದು ನಾನು ಹೇಳಹೊರಟಿಲ್ಲ. ಅದು ಮೊದಲಿನ ತಪ್ಪಿನದೇ ಇನ್ನೊಂದು ಮಗ್ಗುಲು. ಜಿಂಕೆಯ ಪಾಡು ಜಿಂಕೆಗೇ ಗೊತ್ತು. ಬೇರೆ ದಾರಿಯೇ ಇಲ್ಲದ ಜೀವಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ನನ್ನನ್ನು ಕಾಡುವುದು ಕಾಡಿನ ನಾಯಿಯಲ್ಲ, ಕತೆಯ ನಾಯಿ. ಅದಕ್ಕೆ ಮಾತು ಕೊಟ್ಟಿದ್ದಾರೆ. ಮಾತು ಬಂದ ಮೇಲೆ ‘ಇದು ಬೇಡ’ ಎನ್ನುವ ಬಾಯಿಯೂ ಬರಬೇಕಲ್ಲವೆ? ನಮ್ಮ ಗೋವಿನ ಹಾಡಿನ ಹುಲಿಗೆ ಅದು ಬಂತು. ಹಸಿದ ಹುಲಿಯೇ ಪುಣ್ಯಕೋಟಿಯ ಸತ್ಯಕ್ಕೆ ನಾಚಿ ಪ್ರಾಣ ಬಿಟ್ಟಿತು. ಆದರೆ ಆ ಹುಲಿಗೆ ಅರ್ಭುತ ಎಂಬ ಹೆಸರಿತ್ತು. ಕಿಪ್ಲಿಂಗನ ತೋಳಗಳಿಗೂ ಅಕೇಲ, ಫಾವೋ ಎಂದು ಹೆಸರುಗಳಿವೆ. ಇನ್ನೂರು ಕೆನ್ನಾಯಿಗಳಲ್ಲಿ ಒಂದಕ್ಕೂ ಹೆಸರಿಲ್ಲ, ಮುಂದಾಳಿಗೂ ಇಲ್ಲ. ಹೆಸರಿಲ್ಲದ್ದರಿಂದಲೇ ಅವುಗಳಲ್ಲಿ ಒಂದಾದರೂ ಹಿಂದೆ ಉಳಿಯಬಹುದಿತ್ತು ಎಂದು ಓದುವ ನಮಗೆ ಹೊಳೆಯುವುದಿಲ್ಲ.

ಇದನ್ನೆಲ್ಲ ಬರೆಯುವಾಗ ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ ನೆನಪಾಗುತ್ತದೆ. ಆಗ ನಾನಿದ್ದ ಶಾಲೆಗೆ ಕೆರೆಯಾಚೆಯ ಕಾಲೋನಿಯಿಂದ ಆರು ಹುಡುಗರು ಒಟ್ಟಿಗೇ ಬರುತ್ತಿದ್ದರು, ಒಟ್ಟಿಗೇ ತಡವಾಗುತ್ತಿದ್ದರು, ಒಟ್ಟಿಗೇ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗೆ ‘ಕಾಲೋನಿ ದಂಡು’ ಎಂದೇ ಹೆಸರು. ನಾನೂ ಹಾಗೇ ಕರೆಯುತ್ತಿದ್ದೆ. ಹಿಂದಿನ ಸಂಜೆ ಕಿಟಕಿಯ ಗಾಜು ಒಡೆದಿತ್ತು. ಯಾರು ಎಂದು ಕೇಳುವ ಗೋಜಿಗೇ ಹೋಗದೆ ಆರೂ ಜನರನ್ನು ನಿಲ್ಲಿಸಿ ಕೈಗೆ ಎರಡೆರಡು ಕೊಟ್ಟೆ. ಸಾಲಿನ ಕೊನೆಯವನು ಸಣ್ಣ ಹುಡುಗ. ಏನೂ ಹೇಳದೆ ಉಳಿದವರಂತೆಯೇ ಅಂಗೈ ಚಾಚಿದ. ಆಮೇಲೆ ಹಾಜರಿ ಕರೆಯಲು ಪುಸ್ತಕ ತೆರೆದೆ. ಹಿಂದಿನ ದಿನದ ಮನೆಯಲ್ಲಿ ಅವನ ಹೆಸರಿನ ಮುಂದೆ, ನನ್ನದೇ ಅಕ್ಷರದಲ್ಲಿ, ಗೈರುಹಾಜರಿ ಎಂದಿತ್ತು.