ತಾಯಿ ನುಡಿಯುವ ಸಾಕ್ಷಿ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮಲ್ಲಿದೆ. ತಾಯಿ ತನ್ನ ಮಗುವನ್ನು ಹೊಗಳಿದರೆ ಜನ ನಕ್ಕು ಸುಮ್ಮನಾಗುತ್ತಾರೆ. ಆದರೆ ತಾಯಿಯೊಬ್ಬಳು ತನ್ನ ಮಗುವಿಗೆ ಏನೇನು ಬರುವುದಿಲ್ಲ ಎಂದು ಪರರ ಮುಂದೆ ಒಂದೊಂದಾಗಿ ಹೇಳಬೇಕಾದ ಸಂದರ್ಭವೂ ಇದೆ. ಬೆಳವಣಿಗೆಯಲ್ಲಿ ಹಿಂದುಳಿದ ಮಗುವಿಗೆ ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಲು ಸರಕಾರಿ ಆಸ್ಪತ್ರೆಗೆ ಹೋದವರಿಗೆಲ್ಲ ಇದು ಗೊತ್ತು. ಮಾಸಾಶನ, ಬಸ್ ಪಾಸ್, ವಿದ್ಯಾರ್ಥಿವೇತನ ಯಾವುದು ಬೇಕೆಂದರೂ ಮೊದಲು ಆ ಪತ್ರ ಬೇಕು.

ಕಾಲು ಸೊರಗಿದ್ದರೆ, ಕಣ್ಣು ಕಾಣದಿದ್ದರೆ ವೈದ್ಯರು ತಾವೇ ಪರೀಕ್ಷಿಸಿ ಅಳೆಯಬಲ್ಲರು. ಬುದ್ಧಿಯ ಬೆಳವಣಿಗೆಯನ್ನು ಹಾಗೆ ಅಳೆಯಲಾಗುವುದಿಲ್ಲ. ಅದಕ್ಕೆ ಬುದ್ಧಿಮತ್ತೆಯ ಪರೀಕ್ಷೆಯ ಜೊತೆಗೆ ವೈನ್‌ಲ್ಯಾಂಡ್ ಎಂಬ ಅಳತೆಗೋಲನ್ನು ಬಳಸುತ್ತಾರೆ. 1930ರ ದಶಕದಲ್ಲಿ ಅಮೆರಿಕದ ಎಡ್ಗರ್ ಡಾಲ್ ರೂಪಿಸಿದ ಇದನ್ನು ಮುಂದೆ ಎ. ಜೆ. ಮಾಲಿನ್ ಭಾರತದ ಮಕ್ಕಳಿಗೆ ಹೊಂದಿಸಿದರು. ಇಲ್ಲಿ ಮುಖ್ಯವಾಗಿ ಪ್ರಶ್ನೆ ಕೇಳುವುದು ಮಗುವನ್ನಲ್ಲ, ಮಗುವನ್ನು ಬಲ್ಲವರನ್ನು. ಲೋಟ ಹಿಡಿದು ತಾನೇ ನೀರು ಕುಡಿಯುತ್ತಾನೆಯೇ? ಅಂಗಿ ತೊಟ್ಟುಕೊಳ್ಳುತ್ತಾನೆಯೇ? ಅಪಾಯ ಕಂಡರೆ ಹಿಂದೆ ಸರಿಯುತ್ತಾನೆಯೇ? ಉತ್ತರಿಸುವವಳು ಹೆಚ್ಚಾಗಿ ತಾಯಿ.

ಕೇಂದ್ರ ಸರಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಆ ಉತ್ತರಗಳಿಂದ ಬಂದ ಅಂಕವನ್ನು ಶೇಕಡಾ ಲೆಕ್ಕಕ್ಕೆ ತಂದಿತು. 36ರಿಂದ 54ರ ನಡುವೆ ಅಂಕ ಬಂದರೆ ಶೇ. 75 ಅಂಗವಿಕಲತೆ, 55ರಿಂದ 69ರ ನಡುವೆ ಶೇ. 50, 70ರಿಂದ 84ರ ನಡುವೆ ಶೇ. 25. ಐದು ವರ್ಷದೊಳಗಿನ ಮಗುವಿಗೆ ಬುದ್ಧಿಮಾಂದ್ಯವೆಂಬ ಹೆಸರು ಹಚ್ಚದೆ, ಒಟ್ಟಾರೆ ಬೆಳವಣಿಗೆಯ ವಿಳಂಬ ಎಂದಷ್ಟೇ ಬರೆದು ತಾತ್ಕಾಲಿಕ ಪತ್ರ ಕೊಡಬೇಕೆಂದೂ ಅದು ಹೇಳಿತು. ಈ ಮಾರ್ಗಸೂಚಿ 2024ರಲ್ಲಿ ಪರಿಷ್ಕೃತವಾಯಿತು. ಆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಎಳೆದ ಶೇ. 40ರ ಗೆರೆ ಹಾಗೆಯೇ ಇದೆ. ಹೆಚ್ಚಿನ ಸೌಲಭ್ಯಗಳು ಸಿಗುವುದು ಆ ಗೆರೆಯಿಂದ ಮೇಲಿನವರಿಗೆ. ನಮ್ಮ ರಾಜ್ಯದ ಮಾಸಾಶನದಲ್ಲಿ ಶೇ. 75 ಇನ್ನೊಂದು ಮೆಟ್ಟಿಲು. ಅದನ್ನು ಮುಟ್ಟಿದವರಿಗೆ ಹೆಚ್ಚು ಹಣ.

ಇಷ್ಟು ವಿವರ ಹೇಳಲು ಕಾರಣವಿದೆ. ಈ ಅಂಕೆಗಳ ನಡುವೆಯೇ ತಂದೆ ತಾಯಿಯರ ಮನಸ್ಸು ಹೊಯ್ದಾಡುತ್ತದೆ.

ನಾವು ಕಂಡ ಮನೆಗಳಲ್ಲಿ ಮೂರು ಬಗೆಯ ತಳಮಳಗಳಿವೆ. ಮೊದಲನೆಯದು ನಾಚಿಕೆ. ಮನೆಯಲ್ಲಿ ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿದ್ದರೆ ತಂದೆಗೆ ಆ ಪತ್ರ ಬೇಡ. "ಊರಿಗೆಲ್ಲ ಗೊತ್ತಾದರೆ ಇವರಿಗೆ ಸಂಬಂಧ ಯಾರು ತರುತ್ತಾರೆ?" ಎಂಬುದು ಅವನ ಪ್ರಶ್ನೆ. ಎರಡನೆಯದು ಭಕ್ತಿಯ ವೇಷ ತೊಟ್ಟ ಸಂಕೋಚ. "ಅಲ್ಲಾಹನು ಕೊಟ್ಟ ಮಗುವಿಗೆ ಸರಕಾರದ ಮೊಹರು ಯಾಕೆ ಬೇಟಾ? ಸಬ್ರ್ ಮಾಡು" ಎನ್ನುತ್ತಾರೆ ಅಜ್ಜಿ. ಮೂರನೆಯದು ಆಸೆ ಮತ್ತು ಭಯ ಬೆರೆತದ್ದು. ಆಸ್ಪತ್ರೆಯ ಗೇಟಿನ ಬಳಿ ಅರ್ಜಿ ತುಂಬಿಕೊಡುವವನು ಮೆಲ್ಲಗೆ ಹೇಳುತ್ತಾನೆ: "ಎಲ್ಲದಕ್ಕೂ ಬರುವುದಿಲ್ಲ ಅನ್ನಿ ಅಮ್ಮಾ. ಒಳಗೆ ಹೋದ ಮೇಲೆ ಮಗುವನ್ನು ಮಾತಾಡಿಸಬೇಡಿ."

ಮೊದಲನೆಯವನು ಇರುವ ಕೊರತೆಯನ್ನು ಮುಚ್ಚಿಡುತ್ತಾನೆ, ಮೂರನೆಯವಳಿಗೆ ಇರುವ ಶಕ್ತಿಯನ್ನು ಮುಚ್ಚಿಡುವ ಬುದ್ಧಿವಾದ ಸಿಗುತ್ತದೆ. ಎರಡರಲ್ಲೂ ನಷ್ಟ ಮಗುವಿನದೇ. ಮುಚ್ಚಿಟ್ಟ ಮಗುವಿಗೆ ಮಾತಿನ ತರಬೇತಿಯಿಲ್ಲ, ವಿಶೇಷ ಶಿಕ್ಷಕರಿಲ್ಲ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಬಾಗಿಲವರೆಗೂ ಅದು ತಲುಪುವುದಿಲ್ಲ. ಎಳವೆಯಲ್ಲಿ ಕೊಟ್ಟ ತರಬೇತಿ ತರುವ ಫಲವನ್ನು ದೊಡ್ಡವರಾದ ಮೇಲೆ ತರುವುದು ಕಷ್ಟ. ಇತ್ತ, ಏನೂ ಬಾರದು ಎಂದು ಕಾಗದದಲ್ಲಿ ಬರೆಸಿಕೊಂಡ ಮಗುವನ್ನು ಶಾಲೆಯವರೂ ಏನೂ ಬಾರದ ಮಗುವೆಂದೇ ಮೂಲೆಯಲ್ಲಿ ಕೂರಿಸುತ್ತಾರೆ.

ಹಾಗಾದರೆ ಸತ್ಯ ಹೇಳಿದರೆ ಸಾಕಲ್ಲವೇ ಎಂದು ಕೇಳಬಹುದು. ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸತ್ಯಕ್ಕೆ ಇಲ್ಲಿ ತೆರಬೇಕಾದ ಬೆಲೆಯನ್ನೂ ನೋಡಬೇಕು. 2018ರ ಲೆಕ್ಕವನ್ನೇ ತೆಗೆದುಕೊಳ್ಳೋಣ. ತಾಯಿ ವರ್ಷಗಟ್ಟಲೆ ಕೈಹಿಡಿದು ಕಲಿಸಿದ್ದರಿಂದ ಮಗು ತಾನೇ ಉಣ್ಣಲು, ಗುಂಡಿ ಹಾಕಿಕೊಳ್ಳಲು, ಅಂಗಡಿಗೆ ಹೋಗಿಬರಲು ಕಲಿತಿತು. ಮತ್ತೆ ತಪಾಸಣೆಯಾದಾಗ ಅಂಕ 68ರಿಂದ 71ಕ್ಕೇರಿತು. ಶೇ. 50 ಇದ್ದದ್ದು ಶೇ. 25 ಆಯಿತು, ಮಾಸಾಶನ ನಿಂತಿತು. ಮೂರು ಅಂಕ ಹೆಚ್ಚಿದ ಮಾತ್ರಕ್ಕೆ ಆ ಮಗು ನಾಳೆ ದುಡಿದು ತಿನ್ನುವುದಿಲ್ಲ. ಅದನ್ನು ನೋಡಿಕೊಳ್ಳಲು ಬೀಡಿ ಕಟ್ಟುವುದನ್ನೋ ಮನೆಗೆಲಸವನ್ನೋ ಬಿಟ್ಟ ತಾಯಿಗೆ ಕೂಲಿಯೂ ಮರಳುವುದಿಲ್ಲ. ಮಗು ಹೊಸತೊಂದನ್ನು ಕಲಿತ ದಿನ ಹಿಗ್ಗಬೇಕಾದ ತಾಯಿ ಲೆಕ್ಕ ಹಾಕಿ ಅಂಜುವಂತಾದರೆ ಅದು ಅವಳ ನೈತಿಕ ದೌರ್ಬಲ್ಯವೆಂದು ಹೇಳಿ ನಾವು ಕೈತೊಳೆದುಕೊಳ್ಳಬಹುದೇ?

ಖಲೀಫಾ ಉಮರ್ (ರ) ಅವರ ಕಾಲದ ಪ್ರಸಂಗವೊಂದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಮದೀನಾದ ಹೊರಗೆ ವರ್ತಕರ ತಂಡವೊಂದು ಬೀಡುಬಿಟ್ಟಿದ್ದ ರಾತ್ರಿ ಅವರು ಕಾವಲು ತಿರುಗುತ್ತಿದ್ದಾಗ ಕೂಸೊಂದು ಎಡೆಬಿಡದೆ ಅಳುತ್ತಿತ್ತು. ಅವರು ಮತ್ತೆ ಮತ್ತೆ ಹೋಗಿ ತಾಯಿಯನ್ನು ಗದರಿದರು. ಗದರಿದವರು ಯಾರೆಂದು ಅರಿಯದ ಅವಳು ನಿಜ ಹೇಳಿದಳು. ಮೊಲೆ ಬಿಟ್ಟ ಮಕ್ಕಳಿಗಷ್ಟೇ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕಾಗಿ ಅವಧಿಗೆ ಮೊದಲೇ ಹಾಲು ಬಿಡಿಸುತ್ತಿದ್ದೇನೆ ಎಂದಳು. ಅಂದು ಬೆಳಗಿನ ನಮಾಝಿನಲ್ಲಿ ಉಮರ್‌ರ ಓದು ಅಳುವಿನಿಂದಾಗಿ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ಅವರು ಆ ತಾಯಿಯನ್ನು ಕರೆಸಿ ಮೋಸಗಾತಿ ಎನ್ನಲಿಲ್ಲ. ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ಭತ್ಯೆ ಎಂದು ಸಾರಿಸಿದರು. ತಾಯಿಯನ್ನು ತನ್ನ ಕೂಸಿಗೇ ಎದುರು ನಿಲ್ಲಿಸಿದ್ದು ತಮ್ಮ ನಿಯಮ ಎಂದು ಅವರಿಗೆ ಅರ್ಥವಾಗಿತ್ತು.

ನಮ್ಮ ಕಾನೂನಿನಲ್ಲೂ ಒಳ್ಳೆಯ ಮಾತುಗಳಿವೆ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಇತರರಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ. 25ರಷ್ಟು ಹೆಚ್ಚು ನೆರವು ಇರಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆ ಸುಳ್ಳು ಹೇಳಿ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷದವರೆಗೆ ದಂಡವನ್ನೂ ಇಟ್ಟಿದೆ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಯಾದರೋ ಶೇ. 80 ಅಂಗವಿಕಲತೆ ಇರುವ, 18 ತುಂಬಿದ ಬಡವರಿಗೆ ಮಾತ್ರ. ಮೊತ್ತ ತಿಂಗಳಿಗೆ 300 ರೂಪಾಯಿ. ಮಗುವಿನ ತಾಯಿಗೆ ಅಲ್ಲಿ ಜಾಗವೇ ಇಲ್ಲ. ಸುಳ್ಳಿಗೆ ಶಿಕ್ಷೆ ಇರಲಿ. ಆದರೆ ಸುಳ್ಳಿಗೆ ಎಳೆಯುವ ಗೆರೆಗಳನ್ನು ತಿದ್ದುವವರು ಯಾರು? ಕಲಿತ ಮಗುವಿನ ನೆರವು ಒಮ್ಮೆಗೇ ನಿಲ್ಲದೆ ಹಂತ ಹಂತವಾಗಿ ಇಳಿಯುವಂತೆ ಮಾಡಬಹುದು. ತಾಯಿ ಕಳೆದುಕೊಂಡ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಬಹುದು.

ನಮ್ಮ ಕಡೆಯಿಂದಲೂ ಆಗಬೇಕಾದದ್ದಿದೆ. ಉರ್ದುವಿನಲ್ಲಿ ಅಂಗವಿಕಲರನ್ನು ಮಾಜೂರ್ ಎನ್ನುತ್ತೇವೆ. ಉಜ್ರ್, ಅಂದರೆ ಒಪ್ಪತಕ್ಕ ಕಾರಣ ಉಳ್ಳವರು ಎಂದು ಅದರ ಅರ್ಥ. ಆ ಶಬ್ದದಲ್ಲಿ ನಾಚಿಕೆಯ ಸುಳಿವಿಲ್ಲ. ಸಬ್ರ್ ಎಂದರೆ ಬಾಗಿಲು ಹಾಕಿಕೊಂಡು ಕೂರುವುದೂ ಅಲ್ಲ. ಅರ್ಜಿ ಕೊಡುವುದು ಭಿಕ್ಷೆಯಲ್ಲ. ಖೈರಾತ್ ಬೇರೆ, ಹಕ್ ಬೇರೆ. ರಮಝಾನಿನಲ್ಲಿ ಇಂಥ ಮನೆಗೆ ಒಂದು ಕಿಟ್ ಕಳಿಸಿ ತೃಪ್ತರಾಗುವ ಜಮಾಅತ್‌ಗಳು, ಅಕ್ಷರ ಬಲ್ಲ ಇಬ್ಬರು ಯುವಕರನ್ನು ಆ ತಾಯಿಯೊಡನೆ ನಾಡಕಚೇರಿಗೂ ಆಸ್ಪತ್ರೆಗೂ ಕಳಿಸಿದರೆ ವರ್ಷವಿಡೀ ಉಪಕಾರವಾದೀತು. ಮಗುವಿಗೆ 18 ತುಂಬಿದ ಮೇಲೂ ಅದರ ಪರವಾಗಿ ಸಹಿ ಹಾಕುವವರು ಬೇಕಾಗಬಹುದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪ್ರತಿ ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದೆಂದು ಎಷ್ಟು ಮನೆಗಳಿಗೆ ಗೊತ್ತಿದೆ?

ಇನ್ನೊಂದು ಮಾತು. ಮನೆಯಲ್ಲಿ ಉರ್ದು ಆಡುವ ಮಗುವಿಗೆ ಕನ್ನಡದ 'ನೀರು' ತಿಳಿಯದಿರಬಹುದು, 'ಪಾನಿ' ತಿಳಿದೀತು. ಇದನ್ನು ಪರೀಕ್ಷಿಸುವವರಿಗೆ ಮೊದಲೇ ಹೇಳಬೇಕು. ಮಗುವಿಗೆ ಬರುವುದನ್ನೂ ಬಾರದ್ದನ್ನೂ ಇದ್ದಂತೆ ಹೇಳಬೇಕು. ಬಾರದ್ದನ್ನು ಹೇಳಿದಾಗ ತಾಯಿ ಮಗುವಿನ ವಿರುದ್ಧ ಸಾಕ್ಷಿ ನುಡಿದಂತಾಗುವುದಿಲ್ಲ. ಮಾತು ಬಾರದ ಮಗುವಿನ ಪರವಾಗಿ ಅವಳಲ್ಲದೆ ಇನ್ನಾರು ಮಾತಾಡಬೇಕು? ಅವಳು ನಿಜ ನುಡಿದು ಮನೆಗೆ ಬಂದ ಮೇಲೆ, ನುಡಿದದ್ದಕ್ಕಾಗಿ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಸರಕಾರದ ಮತ್ತು ನಮ್ಮೆಲ್ಲರ ಹೊಣೆ.