ಯಾರ ಬಾಯಿ, ಯಾರ ಪದ್ಯ

ಹೋದ ವರ್ಷ ನಾನು ಅತಿಥಿ ಉಪನ್ಯಾಸಕಿಯಾಗಿ ಹೋಗುವ ಕಾಲೇಜಿನಲ್ಲಿ ಸಿದ್ಧಲಿಂಗಯ್ಯನವರ ಪದ್ಯ ಪಾಠಕ್ಕಿತ್ತು. ಹೊಡೆಯಿರಿ, ಒದೆಯಿರಿ ಎಂದು ನೇರವಾಗಿ ಕೂಗುವ ಅವರ ಆರಂಭದ ಪದ್ಯ. ಕ್ಲಾಸಿನಲ್ಲಿ ಚನ್ನಗಿರಿಯ ಅಡಿಕೆ ತೋಟದ ಮನೆಯವರಿದ್ದರು, ನ್ಯಾಮತಿ ಕಡೆಯ ತಾಂಡಾಗಳವರಿದ್ದರು, ಹೊನ್ನಾಳಿಯ ಹೊಳೆಸಾಲಿನವರಿದ್ದರು, ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ದುಡಿಯಲು ಊರು ಬಿಡುವ ಜಗಳೂರು ಸೀಮೆಯ ಹಾಸ್ಟೆಲ್ ಮಕ್ಕಳಿದ್ದರು. ಇದು ಕಣ್ಣಿಗಿಂತ ಕಿವಿಗೆ ಬರೆದ ಪದ್ಯ, ಯಾರಾದರೂ ಎದ್ದು ಗಟ್ಟಿಯಾಗಿ ಓದಿ ಎಂದೆ. ಯಾರೂ ಏಳಲಿಲ್ಲ. ಹಾಜರಿ ಪುಸ್ತಕ ತೆರೆದು ಕಣ್ಣಿಗೆ ಬಿದ್ದ ಹೆಸರು ಕರೆದೆ.

ಎದ್ದವನು ನೀರಾವರಿ ಜಮೀನಿರುವ ದೊಡ್ಡ ಮನೆಯ ಹುಡುಗ. ಒಳ್ಳೆಯ ಕಂಠ, ಹುರುಪಿನಿಂದ ಓದಿದ. ಚಪ್ಪಾಳೆ ಬಿತ್ತು. ಕ್ಲಾಸು ಮುಗಿದ ಮೇಲೆ ಜಗಳೂರು ಕಡೆಯ ಹುಡುಗಿಯೊಬ್ಬಳು ಬಂದು ನಿಂತಳು. “ಮೇಡಂ, ಅವ್ನು ಚೆನ್ನಾಗೇ ಓದಿದ. ಆದ್ರೆ ಅವ್ನು ಹೊಡೀರಿ ಅಂದಾಗ ಯಾರಿಗೆ ಹೊಡೀರಿ ಅಂದಂಗೆ ಕೇಳ್ಸ್ತು ನಿಮಗೆ?”

ನೀನೇ ಓದಬಹುದಿತ್ತಲ್ಲ ಎಂದೆ. “ನಾನು ಓದಿದ್ರೆ ಎಲ್ರೂ ನನ್ನ ನೋಡ್ತಿದ್ರು ಮೇಡಂ. ಪದ್ಯ ಯಾರು ಕೇಳ್ತಿದ್ರು?”

ಪಿಎಚ್.ಡಿ.ಗೆಂದು ನಾಲ್ಕು ವರ್ಷದಿಂದ ಮೌಖಿಕ ಕಾವ್ಯದ ಬಗ್ಗೆ ಟಿಪ್ಪಣಿ ಮಾಡುತ್ತಿರುವ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಮೌನವಾಗಿ ಓದುವಾಗ ಪದ್ಯ ಎಲ್ಲರದ್ದೂ ಹೌದು. ಗಟ್ಟಿಯಾಗಿ ಹೇಳಿದ ಕೂಡಲೇ ಅದಕ್ಕೊಂದು ಬಾಯಿ ಬರುತ್ತದೆ. ಆ ಬಾಯಿಗೊಂದು ಮನೆ, ಓಣಿ, ಜಾತಿ ಇರುತ್ತವೆ. ಕೇರಿಯವನ ಬಾಯಲ್ಲಿ ಬಂಡಾಯವಾದ ಮಾತು ಒಡೆಯನ ಮಗನ ಬಾಯಲ್ಲಿ ಹಳೆಯ ಅಪ್ಪಣೆಯೇ ಆಗಿಬಿಡಬಹುದು. ಅಕ್ಷರ ಒಂದೂ ಬದಲಾಗಿರುವುದಿಲ್ಲ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ, ಅವರಿಗಾಗ ಇಪ್ಪತ್ತೊಂದು. ಅವರ ಪದ್ಯಗಳು ಪುಸ್ತಕಕ್ಕಿಂತ ಹೆಚ್ಚು ಸಭೆ, ಮೆರವಣಿಗೆ, ತಮಟೆಯ ಜೊತೆಗೇ ನಾಡು ಸುತ್ತಿದವು. ಆ ಸಭೆಗಳನ್ನು ಕಟ್ಟಿದವರಲ್ಲಿ ಮುಖ್ಯರಾದ ಬಿ. ಕೃಷ್ಣಪ್ಪ ನಮ್ಮ ಪಕ್ಕದ ಹರಿಹರದವರು, ಭದ್ರಾವತಿಯಲ್ಲಿ ಕಾಲೇಜು ಮೇಷ್ಟರಾಗಿದ್ದವರು. ದಲಿತ ಸಂಘರ್ಷ ಸಮಿತಿಯ ಹಾಡುಗಳನ್ನು ಕಲಿತವರಲ್ಲಿ ಎಷ್ಟೋ ಜನರಿಗೆ ಓದು ಬರುತ್ತಿರಲಿಲ್ಲ. ಒಬ್ಬರು ಹೇಳಿಕೊಟ್ಟರೆ ಇನ್ನೊಬ್ಬರ ಬಾಯಿಗೆ ಬರುತ್ತಿತ್ತು. ಈಗ ಬೆಂಗಳೂರಿನ ಕೆಫೆಗಳಲ್ಲಿ ಮೈಕ್ ಹಿಡಿದು ಸ್ಪೋಕನ್ ವರ್ಡ್ ಎನ್ನುತ್ತಾರಲ್ಲ, ನಮ್ಮ ಕಡೆ ಅದಕ್ಕೆ ಟಿಕೆಟ್ ಇರಲಿಲ್ಲ, ಅಷ್ಟೆ.

ಆ ಮೆರವಣಿಗೆಯಲ್ಲಿ ‘ನಾವು’ ಅಂದರೆ ಯಾರು ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಹಾಡುವವರೂ ಕೇಳುವವರೂ ಒಂದೇ ನೆಲದ ಮೇಲೆ ನಿಂತಿರುತ್ತಿದ್ದರು. ತರಗತಿಯ ‘ನಾವು’ ಹಾಜರಿ ಪುಸ್ತಕ ಮಾಡಿದ್ದು. ಪದ್ಯವನ್ನು ಪಠ್ಯಕ್ಕೆ ತಂದದ್ದು ದೊಡ್ಡ ಗೆಲುವು, ಅನುಮಾನವಿಲ್ಲ. ಆದರೆ ಹಾಜರಿ ಕರೆದು ಆ ಪದ್ಯ ಓದಿಸಿದವಳು ನಾನು, ಆ ಹುಡುಗನಲ್ಲ.

ಸಿದ್ಧಲಿಂಗಯ್ಯ ಈ ಎರಡೂ ಜಾಗದಲ್ಲಿ ನಿಂತವರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದರು, ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು, 1988ರಲ್ಲಿ ವಿಧಾನ ಪರಿಷತ್ತಿಗೆ ಹೋದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಡುವೆ ಸಿನಿಮಾಕ್ಕೆ ಪ್ರೇಮಗೀತೆಯನ್ನೂ ಬರೆದರು. ಕವಿ ಮೆತ್ತಗಾದರು ಎಂಬ ದೂರು ಅವರ ಬೆನ್ನಿಗೇ ಇತ್ತು. ನಾನೂ ಎಂ.ಎ. ಓದುವಾಗ ಸೆಮಿನಾರಿನಲ್ಲಿ ಹಾಗೇ ಹೇಳಿದ್ದೆ. ಈಗ ಆ ದೂರು ಸ್ವಲ್ಪ ಸೋಮಾರಿತನದ್ದು ಅನ್ನಿಸುತ್ತದೆ. ಅವರೊಬ್ಬರು ಜೀವಮಾನವಿಡೀ ಕೂಗುತ್ತಿರಲಿ, ನಾವು ಕೇಳಿ ರೋಮಾಂಚನಗೊಳ್ಳುತ್ತೇವೆ ಎಂಬ ಆಸೆ ಅದರ ಒಳಗಿದೆ.

ಅವರ ಆತ್ಮಕಥೆ ‘ಊರು ಕೇರಿ’ಯ ಶುರುವಿನಲ್ಲೇ ಒಂದು ನೋಟವಿದೆ. ಐನೋರ ಹೊಲದಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಹಿಂದೆ ಒಬ್ಬ ಉಳುತ್ತಿದ್ದಾನೆ. ನೋಡುವ ಹುಡುಗನಿಗೆ ಮೊದಲು ಅದು ಮೋಜು. ನೊಗ ಹೊತ್ತವರಲ್ಲಿ ಒಬ್ಬ ಅವನ ಅಪ್ಪ. ಇಲ್ಲಿ ಯಾರು ಗಟ್ಟಿಯಾಗಿ ಓದಿದರೂ ಆ ಮೋಜಿನ ಒಳಗೆ ಹೋಗಿಯೇ ಹೊರಬರಬೇಕು. ನಕ್ಕವನಿಗೆ ತನ್ನ ನಗು ತಾನೇ ಸಿಕ್ಕಿಬೀಳುತ್ತದೆ. ಮೆತ್ತಗಿನ ದನಿಯಲ್ಲಿ ಅವರು ಮಾಡಿದ್ದು ಇದನ್ನು.

ಹಾಗಂತ ದೊಡ್ಡ ಮನೆಯ ಹುಡುಗ ಆ ಕೂಗಿನ ಪದ್ಯ ಓದಲೇಬಾರದು ಎಂದರೆ ಅದೂ ಸರಿ ಕಾಣುವುದಿಲ್ಲ. ಆಗ ಪದ್ಯಕ್ಕೂ ಒಂದು ಕೇರಿ ಕಟ್ಟಿದಂತೆ. ನೋವು ಉಂಡವರೇ ಪ್ರತಿಸಲ ಎದ್ದು ನಿಂತು ಹೇಳುವ ಕೆಲಸವನ್ನೂ ಹೊರಬೇಕಾಗುತ್ತದೆ. ಆ ಹುಡುಗಿ ಬೇಡವೆಂದದ್ದು ಅದನ್ನೇ. ಓದಬಹುದು. ಆದರೆ ಎಲ್ಲಿ ನಿಂತು ಓದುತ್ತಿದ್ದೇನೆ ಎನ್ನುವುದನ್ನು ಮೊದಲು ಹೇಳಿ ಓದುವ ಸಾಲ ಅವನ ಮೇಲಿದೆ. ನನ್ನ ಮೇಲೂ ಇದೆ.

ನಾನು ಚನ್ನಗಿರಿ ತಾಲ್ಲೂಕಿನ ತೋಟದ ಮನೆಯವಳು. ಅಡಿಕೆ ಸುಲಿಯಲು ಬರುವವರಿಗೆಂದು ನಮ್ಮ ಹಿತ್ತಲಿನ ಗೋಡೆಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿರುತ್ತಿತ್ತು. ಡಿಗ್ರಿಯಲ್ಲಿದ್ದಾಗ ಅಂತರ ಕಾಲೇಜು ಸ್ಪರ್ಧೆಯಲ್ಲಿ ಇದೇ ಪದ್ಯ ಹೇಳಿ ನನಗೆ ಎರಡನೇ ಬಹುಮಾನ ಬಂತು. ಫಲಕವನ್ನು ಶೋಕೇಸಿನಲ್ಲಿ ಇಟ್ಟೆವು. ಅವತ್ತೂ ಲೋಟ ಗೋಡೆಯ ಮೇಲೇ ಇತ್ತು. ಅದನ್ನು ಒಳಗೆ ತರುವುದು ನನಗೆ ಹೊಳೆಯಲೂ ಇಲ್ಲ.

ಮುಂದಿನ ವಾರ ಹಾಜರಿ ಪುಸ್ತಕ ಮುಚ್ಚಿಟ್ಟು ಲೋಟದ ಕತೆ ಹೇಳಿದೆ. ನನ್ನ ನಾಲಗೆ ಒಣಗಿತ್ತು. ಆಮೇಲೆ ‘ಊರು ಕೇರಿ’ಯ ಆ ಭಾಗ ಓದಿದೆ. ನೊಗ ಹೊತ್ತವರ ಮಾತು ಬಂದಾಗ ಹಿಂದಿನ ವಾರ ಪದ್ಯ ಓದಿದ ಹುಡುಗ ನಕ್ಕ, ಎರಡು ಸಾಲು ದಾಟುವಷ್ಟರಲ್ಲಿ ತಲೆ ತಗ್ಗಿಸಿದ.

ಹುಡುಗಿ ಪುಸ್ತಕ ಕೇಳಿ ತೆಗೆದುಕೊಂಡು ಹೋದಳು, ಇನ್ನೂ ವಾಪಸ್ ಕೊಟ್ಟಿಲ್ಲ. ಕ್ಲಾಸಿನಲ್ಲಿ ಆ ಪದ್ಯ ಅವಳು ಇವತ್ತಿಗೂ ಓದಿಲ್ಲ. ರಾತ್ರಿ ಊಟವಾದ ಮೇಲೆ ಹಾಸ್ಟೆಲ್ ರೂಮಿನಲ್ಲಿ ಗೆಳತಿಯರಿಗೆ ಹೇಳುತ್ತಾಳಂತೆ, ಮಾಗಡಿ ಸೀಮೆಯ ‘ಲಾ’ ತೆಗೆದು ನಮ್ಮ ಕಡೆಯ ‘ಲೇ’ ಹಾಕಿಕೊಂಡು.