ಉಬ್ಬಿದ ಗೋಡೆ

ಯೆಶಾಯ 30ನೆಯ ಅಧ್ಯಾಯ, 13ನೆಯ ವಚನ



ದೇವರ ಮಾತನ್ನು ತಳ್ಳಿಬಿಟ್ಟ ಜನರ ಪಾಪವನ್ನು ಪ್ರವಾದಿಯು ಉಬ್ಬಿ ಬಿರುಕುಬಿಟ್ಟ ಎತ್ತರವಾದ ಗೋಡೆಗೆ ಹೋಲಿಸುತ್ತಾನೆ. ಅದು ಬಹುಕಾಲ ನಿಂತಿದ್ದು ಕ್ಷಣಮಾತ್ರದಲ್ಲಿ ಬೀಳುವದು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಾದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಎರೆಭೂಮಿಯು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲಿನ ಗೋಡೆಯೂ ಅದರೊಂದಿಗೆ ಅಲುಗುತ್ತದೆ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿದಾಗ ಎಷ್ಟೋ ಮಣ್ಣಿನ ಗೋಡೆಗಳು ಕುಸಿದವು.

ನನ್ನ ಮನೆಯ ಹಿಂಗೋಡೆಯ ಸಂಗತಿಯನ್ನು ಹೇಳುವೆನು. ಅದರ ಹಿಂದೆ ದಿಬ್ಬದ ಮಣ್ಣು ಎದೆಮಟ್ಟ ಇತ್ತು. ಗೋಡೆಯು ಒಳಕ್ಕೆ ಉಬ್ಬಿ ಬಿರುಕುಬಿಟ್ಟಿತು. ಕ್ರಿಸ್ಮಸ್ ಹಬ್ಬವು ಹತ್ತಿರವಾದದ್ದರಿಂದ ನಾನು ಬಿರುಕಿಗೆ ಮಣ್ಣು ಮೆತ್ತಿ ಸುಣ್ಣ ಹಚ್ಚಿಸಿದೆನು. ಬಂದವರೆಲ್ಲರೂ ಮನೆಯು ಚೆನ್ನಾಗಿದೆ ಎಂದರು. ಮುಂದಿನ ಮಳೆಗಾಲದಲ್ಲಿ ಆ ಬಿರುಕು ಕೈ ಹಿಡಿಸುವಷ್ಟು ಅಗಲವಾಯಿತು.

ಗೌಂಡಿಯು ಬಂದು ಗೋಡೆಯನ್ನು ಮುಟ್ಟಲಿಲ್ಲ, ಹಿತ್ತಲಿಗೆ ಹೋಗಿ, “ಮಾಳಿಗೆಯ ನೀರು ಎಲ್ಲಿ ಬೀಳುತ್ತದೆ, ಮಾಸ್ತರೇ?” ಎಂದು ಕೇಳಿದನು. ನೀರೆಲ್ಲವೂ ದಿಬ್ಬದ ಮಣ್ಣಿನಲ್ಲಿ ಇಂಗುತ್ತಿತ್ತು. ನೆನೆದ ಮಣ್ಣು ಗೋಡೆಯನ್ನು ನೂಕುತ್ತಿತ್ತು. ಅವನು ಮೊದಲು ತೊಲೆಗಳಿಗೆ ಕಂಬ ಕೊಟ್ಟು, ಮಣ್ಣನ್ನು ತೋಡಿ, ನೀರಿಗೆ ಬೇರೆ ದಾರಿ ಮಾಡಿ, ಉಬ್ಬಿದ ಭಾಗವನ್ನು ಬಿಚ್ಚಿದನು. ಒಳಮೈಯ ಕಲ್ಲುಗಳೂ ಹೊರಮೈಯ ಕಲ್ಲುಗಳೂ ಬೇರೆಬೇರೆ ನಿಂತಿದ್ದವು. ನಡುವೆ ಬರಿಯ ಮಣ್ಣು. ಎರಡನ್ನೂ ಹಿಡಿಯುವ ಉದ್ದವಾದ ಕಲ್ಲು ಒಂದೂ ಇರಲಿಲ್ಲ. ಅಂಥ ಕಲ್ಲುಗಳನ್ನು ಅಡ್ಡಲಾಗಿಟ್ಟು ಗೋಡೆಯನ್ನು ತಿರಿಗಿ ಕಟ್ಟಿದನು.

ಪ್ರಿಯರೇ, ಸುಣ್ಣ ಹಚ್ಚಿಸಿದ ಆ ಹಬ್ಬದಲ್ಲಿಯೇ ನಾನು ಮತ್ತೊಂದು ಬಿರುಕನ್ನು ಮುಚ್ಚಿದ್ದೆನು. ನಮ್ಮ ಸಭೆಯ ಎರಡು ಮನೆತನದವರು ಹೊಲದ ಬದುವಿನ ನಿಮಿತ್ತ ಮಾತು ಬಿಟ್ಟಿದ್ದರು. ಹಬ್ಬ ಕೆಡಬಾರದೆಂದು ನಾನು ಅವರ ಕೈಗಳನ್ನು ಕೂಡಿಸಿ, ಪ್ರಾರ್ಥಿಸಿ ಕಳುಹಿಸಿದೆನು. ಬದುವಿನ ಮಾತನ್ನು ಎತ್ತಲೇ ಇಲ್ಲ. ಮುಂದಿನ ಕರ್ತನ ಭೋಜನಕ್ಕೆ ಒಂದು ಮನೆಯವರು ಬರಲಿಲ್ಲ. ಗಟ್ಟಿಯಿಲ್ಲದ ಗೋಡೆಗೆ ಸುಣ್ಣ ಬಳಿದವರನ್ನು ಕುರಿತು ಯೆಹೆಜ್ಕೇಲನು 13ನೆಯ ಅಧ್ಯಾಯದಲ್ಲಿ ಹೇಳಿರುವದನ್ನು ಓದಿ ನಾನು ನಾಚಿದೆನು.

ಗೌಂಡಿಯ ಕೆಲಸ ಮುಗಿದ ಮೇಲೆ ಆ ಇಬ್ಬರು ಯಜಮಾನರೊಂದಿಗೆ ಬದುವಿನ ಮೇಲೆ ನಡೆದೆನು. ಒಬ್ಬನು ತಾನು ಉತ್ತ ಎರಡು ಸಾಲು ತನ್ನದಲ್ಲವೆಂದು ಒಪ್ಪಿದನು. ಮತ್ತೊಬ್ಬನು ತಾನು ಹಾಕಿದ ಶಾಪಕ್ಕಾಗಿ ಅತ್ತನು. ಇಬ್ಬರನ್ನೂ ಹಿಡಿಯುವ ಕಲ್ಲು ನನ್ನ ಜಾಣತನವಲ್ಲ, ಎರಡನ್ನು ಒಂದು ಮಾಡಿದ ಕ್ರಿಸ್ತನೇ ಎಂದು ಆ ದಿನ ಕಂಡೆನು.

ಹೀಗಿರಲಾಗಿ, ಮಳೆಗೆ ಮುಂಚೆ ನಿಮ್ಮ ಗೋಡೆಯ ಹಿಂದೆ ಹೋಗಿ ನೋಡಿರಿ. ನಿಮ್ಮ ಮೇಲೆ ಮನಸ್ತಾಪವುಳ್ಳ ಸಹೋದರನು ಇದ್ದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಾಗಿಲಿಗೆ ಹೋಗಿರಿ. ಬಿಚ್ಚಿ ಕಟ್ಟುವದಕ್ಕೆ ಧೈರ್ಯವನ್ನು ಕರ್ತನೇ ಕೊಡುವನು. ಆಮೆನ್.